ರಾಶಿಯಂತ್ರಗಳ ಊರಿಗೆ ಒಂದು ಪಯಣ

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ವಾರವೂ ಕಳೆದಿರಲಿಲ್ಲ. ಅಕ್ಕಲಕೋಟೆ ತಾಲೂಕಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳ ತೆನೆ ಹಿರಿದು ನಿಂತಿತ್ತು. ಬೋರಿ ನದಿಯ ಕಡೆಯ ಬಾವಿನೀರಿನ ಹೊಲಗಳಲ್ಲಿ ಗೋಧಿ ಮೊಣಕಾಲೆತ್ತರಕ್ಕೆ ಬಂದಿತ್ತು. ಇಂಥ ದಿನಗಳಲ್ಲಿ ಒಕ್ಕಲಿಗನು ಊರು ಬಿಟ್ಟು ಹೊರಡುವುದು ವಿರಳ. ಆದರೂ ಆ ತಾಲೂಕಿನ ಒಂದು ಹಳ್ಳಿಯ ಅಣ್ಣತಮ್ಮಂದಿರಿಬ್ಬರು ಸೊಲ್ಲಾಪುರದ ನಿಲ್ದಾಣದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ರೈಲನ್ನು ಏರಿದರು. ಅಣ್ಣನು ಕನ್ನಡ ಶಾಲೆಯ ನಿವೃತ್ತ ಮುಖ್ಯಗುರು. ತಮ್ಮನು ಹದಿನಾಲ್ಕು ಎಕರೆಯ ಬೇಸಾಯಗಾರ. ಅವರು ಹೊರಟಿದ್ದುದು ಪಂಜಾಬಿನ ನಾಭಾ ಪಟ್ಟಣಕ್ಕೆ. ಉದ್ದೇಶ, ಕೈಬದಲಾದ ಹಳೆಯ ಕಂಬೈನ್ ಹಾರ್ವೆಸ್ಟರ್ ಒಂದನ್ನು ಕೊಳ್ಳುವುದು.

ಆ ಯೋಚನೆ ಹುಟ್ಟಿದ್ದು ಹಿಂದಿನ ವರ್ಷದ ಒಂದು ಮಳೆಯಿಂದ. ಮಾಗಿ ನಿಂತ ಗೋಧಿಗೆ ಬಾಡಿಗೆಯ ಯಂತ್ರ ಒಂಬತ್ತು ದಿನ ತಡವಾಗಿ ಬಂದಿತ್ತು. ಮುಂದಿನ ಊರಿಗೆ ಓಡುವ ಆತುರದಲ್ಲಿದ್ದ ಚಾಲಕನು ಆರು ಎಕರೆಯನ್ನು ಎರಡು ತಾಸಿನೊಳಗೆ ಮುಗಿಸಿ, ಹಣ ಎಣಿಸಿಕೊಂಡು ಹೋಗಿಬಿಟ್ಟ. ಬಳಿಕ ಮಾರ್ಚಿನ ಅಕಾಲಿಕ ಮಳೆ ಬಿತ್ತು. ಹತ್ತು ದಿನಕ್ಕೆ ಆ ಬೋಳು ಹೊಲದ ಮೇಲೆ ಹಸಿರು ಪಟ್ಟೆಗಳು ಎದ್ದವು, ಹದಿನಾಲ್ಕು ಅಡಿಗೊಂದರಂತೆ, ಯಾರೋ ಗೆರೆಕೋಲು ಇಟ್ಟು ಎಳೆದ ಹಾಗೆ. ಯಂತ್ರವು ಹಿಂದಿನಿಂದ ಹುಲ್ಲು ಚೆಲ್ಲಿದ ದಾರಿಯಗುಂಟ ಗೋಧಿ ಮೊಳೆತಿತ್ತು. ಕಣದಲ್ಲಿ ಕಾಣದಿದ್ದ ನಷ್ಟವನ್ನು ಮಳೆ ಬರೆದು ತೋರಿಸಿತು. ಮುಖ್ಯಗುರುಗಳು ಒಂದು ಅಡಿಯ ಚೌಕಟ್ಟನ್ನು ಕಡ್ಡಿಯಿಂದ ಮಾಡಿಕೊಂಡು ಆ ಪಟ್ಟೆಗಳಲ್ಲಿ ಮೊಳಕೆಗಳನ್ನು ಎಣಿಸಿದರು. ಎಣಿಕೆ ಮುಗಿದ ಮೇಲೆ ತಮ್ಮನು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲವೆಂದು ಮನೆಯವರು ಹೇಳುತ್ತಾರೆ.

ಕಂಬೈನ್ ಎಂಬುದು ನಮ್ಮ ಕಡೆಯ ಮಕ್ಕಳಿಗೆ ಹೊಸ ನೋಟವೇನೂ ಅಲ್ಲ. ಆದರೆ ಅದರ ಹೊಟ್ಟೆಯೊಳಗೆ ನಡೆಯುವುದು ಅಜ್ಜಂದಿರ ಕಣದಲ್ಲಿ ನಡೆಯುತ್ತಿದ್ದ ಕೆಲಸವೇ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಮುಂದಿನ ಅಲಗು ಕುಡುಗೋಲು. ಅದರ ಮೇಲೆ ತಿರುಗುವ ರೀಲು, ಪೈರನ್ನು ಅಲಗಿನತ್ತ ಬಾಗಿಸುವ ಎಡಗೈ. ಒಳಗಿನ ಡ್ರಮ್ಮು ಹಂತಿಯ ಎತ್ತುಗಳ ಗೊರಸು; ಅದರ ಕೆಳಗೆ ಬಿಲ್ಲಿನಂತೆ ಬಾಗಿರುವ ಕಬ್ಬಿಣದ ಜಾಲರಿ, ಕಾನ್‌ಕೇವ್, ಹಂತಿಯ ಕೆಳಗಿನ ಸಾರಿಸಿದ ನೆಲ. ಇವೆರಡರ ನಡುವಿನ ಸಂದಿನಲ್ಲಿ ತೆನೆ ಉಜ್ಜಲ್ಪಟ್ಟು ಕಾಳು ಉದುರುತ್ತದೆ. ಹಿಂದಿನ ಸ್ಟ್ರಾ ವಾಕರ್ ಎಂಬ ಉದ್ದನೆಯ ಹಲ್ಲುಮಣೆಗಳು ಹುಲ್ಲನ್ನು ಕೊಡವಿ ಕೊಡವಿ ಹೊರಗೆಸೆಯುತ್ತವೆ. ಕೋಲಿನಿಂದ ಹುಲ್ಲು ಝಾಡಿಸುವ ಕೆಲಸವದು. ಫ್ಯಾನು ತೂರುವ ಗಾಳಿ, ಜರಡಿಗಳು ಮೊರ. ಅಜ್ಜಂದಿರು ಪಡುವಣ ಗಾಳಿಗಾಗಿ ಕಾದು ಕೂರುತ್ತಿದ್ದರು. ಯಂತ್ರಕ್ಕೆ ಗಾಳಿ ತನ್ನೊಳಗೇ ಇದೆ. ಎಷ್ಟು ಬಿಡಬೇಕೆಂಬ ತಿಳಿವು ಮಾತ್ರ ಹೊರಗಿನಿಂದ ಬರಬೇಕು.

ಭೋಪಾಲ ದಾಟಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಕಿಟಕಿಯಾಚೆ ಮಂಜು ತುಂಬಿತ್ತು. ದಿಲ್ಲಿಗೆ ರೈಲು ತಲುಪಿದ್ದು ಏಳು ತಾಸು ತಡವಾಗಿ. ಅಲ್ಲಿಂದ ಅಂಬಾಲೆ, ರಾಜಪುರ, ಪಟಿಯಾಲೆಗಳನ್ನು ದಾಟಿ ನಾಭಾ ಮುಟ್ಟಿದಾಗ ಮರುದಿನದ ಬೆಳಗು. ಬೆಳಗೆಂದರೆ ಗಡಿಯಾರದ ಬೆಳಗಷ್ಟೆ. ಸೂರ್ಯನು ಹನ್ನೊಂದು ಗಂಟೆಗೆ ಬೆಳ್ಳಿಯ ತಟ್ಟೆಯಂತೆ ಕಾಣಿಸಿಕೊಂಡು, ನೋಡಲು ಕಣ್ಣು ಕಿರಿದಾಗಿಸಬೇಕಿಲ್ಲದಷ್ಟು ಸೌಮ್ಯನಾಗಿ ನಿಂತಿದ್ದ. ಸೊಲ್ಲಾಪುರದ ಚಾದರಗಳೆರಡನ್ನು ಒಂದರ ಮೇಲೊಂದು ಹೊದ್ದರೂ ತಮ್ಮನ ನಡುಕ ನಿಲ್ಲಲಿಲ್ಲ.

ನಾಭಾ ಸಣ್ಣ ಪಟ್ಟಣ. ಪಟಿಯಾಲೆ, ಜೀಂದಗಳೊಡನೆ ಫುಲ್ಕಿಯಾ ಮನೆತನದ ಮೂರು ಸಂಸ್ಥಾನಗಳಲ್ಲಿ ಒಂದರ ರಾಜಧಾನಿಯಾಗಿತ್ತು. ಹಳೆಯ ಕೋಟೆ ಇನ್ನೂ ಊರ ನಡುವೆ ಇದೆ. 1923ರಲ್ಲಿ ಜವಾಹರಲಾಲ ನೆಹರೂ ಅವರು ಜೈತೋ ಸತ್ಯಾಗ್ರಹವನ್ನು ನೋಡಲು ಬಂದು ಸೆರೆಯಾಗಿ, ನಾಭಾದ ಕಾರಾಗೃಹದಲ್ಲಿ ಕೆಲವು ದಿನ ಕಳೆದಿದ್ದರು. ಮುಖ್ಯಗುರುಗಳಿಗೆ ಆ ಊರಿನ ಹೆಸರು ಪರಿಚಯವಿದ್ದುದು ಅಷ್ಟರಿಂದಲೇ. ಅಕ್ಕಲಕೋಟೆಯೂ ಭೋಸಲೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. 1948ರಲ್ಲಿ ಅದು ಮುಂಬಯಿ ಪ್ರಾಂತಕ್ಕೆ ಸೇರಿತು, ಅದೇ ವರ್ಷ ನಾಭಾ ಪೆಪ್ಸು ಒಕ್ಕೂಟಕ್ಕೆ ಸೇರಿತು. ಎರಡು ಕಡೆಯೂ ಅರಸರು ಹೋದರು. ಒಂದು ಕಡೆ ಯಾತ್ರಿಕರ ಊರು ಬೆಳೆಯಿತು, ಇನ್ನೊಂದು ಕಡೆ ಯಂತ್ರಗಳ ಊರು.

ಯಂತ್ರಗಳ ಊರು ಎಂಬುದು ಅತಿಶಯದ ಮಾತಲ್ಲ. ನಾಭಾದಲ್ಲಿ ಪ್ರೀತ್, ಅರ್ಧ ತಾಸಿನ ಬಸ್ಸು ದಾರಿಯಾಚೆಯ ಭಾದಸೋಂನಲ್ಲಿ ಕರ್ತಾರ್, ಪಶ್ಚಿಮಕ್ಕೆ ಮಲೇರ್‌ಕೋಟ್ಲದಲ್ಲಿ ದಶಮೇಶ್, ಇನ್ನೂ ಮುಂದೆ ಬರ್ನಾಲೆಯ ಬಳಿ ಸ್ಟಾಂಡರ್ಡ್: ನಮ್ಮ ಹೊಲಗಳಿಗೆ ಬರುವ ಬಹುಪಾಲು ಯಂತ್ರಗಳ ಮೈಮೇಲಿನ ಹೆಸರುಗಳೆಲ್ಲ ಈ ಒಂದು ದಿನದ ತಿರುಗಾಟದೊಳಗೆ ಸಿಗುತ್ತವೆ. 1980ರಲ್ಲಿ ಪಂಜಾಬ್ ಟ್ರ್ಯಾಕ್ಟರ್ಸ್ ಸಂಸ್ಥೆಯು ಸ್ವರಾಜ್ 8100 ಎಂಬ ಕಂಬೈನನ್ನು ಹೊರತಂದಿತು. ತನ್ನದೇ ಎಂಜಿನ್ನಿನಿಂದ ನಡೆಯುವ, ಈ ದೇಶದಲ್ಲೇ ರೂಪುಗೊಂಡ ಮೊದಲ ಕಂಬೈನ್ ಅದು. ಹಸಿರು ಕ್ರಾಂತಿಯ ಗೋಧಿ ಒಮ್ಮೆಲೇ ಮಾಗುವ ಬೈಸಾಖಿಯ ಎರಡು ಮೂರು ವಾರಗಳ ಒತ್ತಡವೇ ಈ ಕಾರ್ಖಾನೆಗಳನ್ನು ಹೆತ್ತಿದ್ದು.

ಕಾರ್ಖಾನೆಗಳಿಗಿಂತ ಹೆಚ್ಚಿಗೆ ಕಣ್ಣು ಸೆಳೆಯುವುದು ರಸ್ತೆ ಬದಿಯ ಬಯಲುಗಳು. ಸಾಸಿವೆಯ ಹಳದಿ ಹೊಲಗಳ ನಡುವೆ, ಹೆಡರ್ ಕಳಚಿದ ಹತ್ತಾರು ಹಳೆಯ ಕಂಬೈನುಗಳು ಮಂಜಿನಲ್ಲಿ ಸಾಲಾಗಿ ನಿಂತಿರುತ್ತವೆ, ಮೂಗು ಕಳೆದುಕೊಂಡ ಆನೆಗಳಂತೆ. ಕೆಲವು ಬಣ್ಣ ಹಚ್ಚಿಸಿಕೊಂಡಿವೆ. ಕೆಲವುಗಳ ಕಬ್ಬಿಣ ಕಂದಿದೆ. ಪಕ್ಕದಲ್ಲೇ ವೆಲ್ಡಿಂಗಿನ ಅಂಗಡಿ, ಬೆಲ್ಟಿನ ಅಂಗಡಿ, ಬೇರಿಂಗಿನ ಅಂಗಡಿ, ಚಹಾದ ಅಂಗಡಿ. ಯಾವ ಬಿಡಿಭಾಗ ಕೇಳಿದರೂ ಹತ್ತು ನಿಮಿಷದಲ್ಲಿ ಯಾರದೋ ಸೈಕಲ್ ಮೇಲೆ ಬಂದುಬಿಡುತ್ತದೆ. ಸೊಲ್ಲಾಪುರ ಜಿಲ್ಲೆಯ ಕೊಳ್ಳುವವನಿಗೆ ಇದೊಂದು ಮೋಸದ ಸೌಕರ್ಯ. ಅದೇ ಬೇರಿಂಗು ಮಾರ್ಚಿಯಲ್ಲಿ ಮೈಂದರ್ಗಿಯಲ್ಲೋ ದುಧನಿಯಲ್ಲೋ ಹತ್ತು ನಿಮಿಷಕ್ಕೆ ಸಿಗುವುದಿಲ್ಲ. ಹಾಗಾಗಿ ಹಳೆಯ ಯಂತ್ರ ಕೊಳ್ಳುವವನು ಯಂತ್ರದ ಬೆಲೆಯ ಮೇಲೆ ಒಂದು ಪೆಟ್ಟಿಗೆ ಬಿಡಿಭಾಗದ ಬೆಲೆಯನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು: ಅಲಗಿನ ಹಲ್ಲುಗಳು, ಗಾರ್ಡುಗಳು, ಎಲ್ಲ ಅಳತೆಯ ಬೆಲ್ಟುಗಳು, ವಾಕರಿನ ಬೇರಿಂಗುಗಳು.

ಸಹೋದರರಿಗೆ ಒದಗಿಬಂದವನು ಎಪ್ಪತ್ತರ ಅಂಚಿನ ಒಬ್ಬ ಮಿಸ್ತ್ರಿ. ಬಯಲಿನ ಮಾಲೀಕನ ನೌಕರನಲ್ಲ, ದಿನಗೂಲಿಗೆ ಯಾರ ಪರವಾಗಿಯಾದರೂ ಯಂತ್ರ ನೋಡಿಕೊಡುವವನು. ಅವನು ಮೊದಲು ಕೇಳಿದ್ದು ಕೈಯಲ್ಲಿ ಹಣವೆಷ್ಟಿದೆ ಎಂದಲ್ಲ, ಊರಿನಲ್ಲಿ ಬೆಳೆ ಏನು ಎಂದು. ಗೋಧಿ, ಕಡಲೆ, ಜೋಳ ಎಂದು ತಮ್ಮನು ಹೇಳಿದ. ಭತ್ತವಿಲ್ಲವೇ ಎಂದು ಮಿಸ್ತ್ರಿ ಕೇಳಿದ. ಇಲ್ಲ ಎಂದಾಗ ಅವನು ತಲೆಯಾಡಿಸಿ, ಬಯಲಿನ ಅರ್ಧದಷ್ಟು ಯಂತ್ರಗಳ ಕಡೆ ತಿರುಗಿಯೂ ನೋಡದೆ ಮುಂದೆ ನಡೆದ.

ಕಾರಣವನ್ನು ಅವನು ನಂತರ ವಿವರಿಸಿದ. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶ, ಸಿಲಿಕಾ, ಹೆಚ್ಚು. ಭತ್ತದ ಕೆಸರಿನಲ್ಲಿ ದುಡಿದ ಯಂತ್ರವು ಒಳಗಿನಿಂದ ಬೇಗ ಸವೆಯುತ್ತದೆ: ಎಲಿವೇಟರಿನ ತಳ, ಫೀಡರ್ ಸರಪಳಿಯ ಕೆಳಗಿನ ತಗಡು, ಆಗರ್ ಎಂಬ ತಿರುಪುಗಳ ಅಂಚು, ಎಲ್ಲವೂ ಕಾಗದದಂತೆ ತೆಳುವಾಗುತ್ತವೆ. ಅಲ್ಲದೆ ಭತ್ತಕ್ಕೆ ಮೊಳೆಗಳುಳ್ಳ ಡ್ರಮ್ಮು ಹೊಂದುತ್ತದೆ. ಗೋಧಿಗೆ ಗೆರೆಗಳುಳ್ಳ ಉಜ್ಜುಪಟ್ಟಿಗಳ ಡ್ರಮ್ಮು ಬೇಕು. ಇನ್ನೊಂದು ಮಾತಿದೆ. 2018ರಿಂದ ಪಂಜಾಬಿನಲ್ಲಿ ಕಂಬೈನಿನ ಹಿಂಬದಿಗೆ ಸೂಪರ್ ಎಸ್‌ಎಂಎಸ್ ಎಂಬ ಹುಲ್ಲು ಕತ್ತರಿಸಿ ಹರಡುವ ಸಾಧನ ಕಡ್ಡಾಯ. ಭತ್ತದ ಕೂಳೆಗೆ ಬೆಂಕಿ ಇಡುವುದನ್ನು ತಪ್ಪಿಸಲು ತಂದ ನಿಯಮವದು. ಆ ಸಾಧನವಿಲ್ಲದ ಹಳೆಯ ಯಂತ್ರಗಳಿಗೆ ಅಲ್ಲಿ ಕೆಲಸ ಕಡಿಮೆ. ಹೊರರಾಜ್ಯದ ಗಿರಾಕಿಗೆ ಅವು ತೋರಿಸಲ್ಪಡುವುದು ಸಹಜ. ಹುಲ್ಲನ್ನು ಪುಡಿ ಮಾಡಿ ಚೆಲ್ಲುವ ಸಾಧನವಿಲ್ಲದಿರುವುದು ದೋಷವೇ ಎಂದು ಮುಖ್ಯಗುರುಗಳು ಕೇಳಿದರು. ನಿಮಗೆ ಎಮ್ಮೆ ಎತ್ತುಗಳಿದ್ದರೆ ಅದೇ ಗುಣ ಎಂದನಂತೆ ಮಿಸ್ತ್ರಿ.

ಮೊದಲು ನೋಡಿದ ಯಂತ್ರ ಹೊಳೆಯುತ್ತಿತ್ತು. ಕೀಲಿ ತಿರುಗಿಸಿದೊಡನೆ ಎಂಜಿನ್ ಗುಡುಗಿತು. ತಮ್ಮನ ಮುಖ ಅರಳಿದ್ದನ್ನು ಕಂಡ ಮಿಸ್ತ್ರಿ, ಎಂಜಿನ್ ಮೇಲೆ ಅಂಗೈ ಇಟ್ಟು ನೋಡುವಂತೆ ಸನ್ನೆ ಮಾಡಿದ. ಅದು ಬೆಚ್ಚಗಿತ್ತು; ಗಿರಾಕಿ ಬರುವ ಮೊದಲೇ ಓಡಿಸಿ ಇಟ್ಟಿದ್ದರು. ಚಳಿಗಾಲದ ಬೆಳಗಿನಲ್ಲಿ ತಣ್ಣಗಿರುವ ಎಂಜಿನ್ ಹೇಗೆ ಎದ್ದೇಳುತ್ತದೆ ಎಂಬುದೇ ಅದರ ಆರೋಗ್ಯದ ಪರೀಕ್ಷೆ. ಬಳಿಕ ಅವನು ಎಂಜಿನ್ ನಿಲ್ಲಿಸಿಸಿ, ಕೀಲಿಯನ್ನು ತನ್ನ ಕಿಸೆಗೆ ಹಾಕಿಕೊಂಡು, ಡ್ರಮ್ಮಿನ ಮುಚ್ಚಳ ತೆಗೆದ. ಉಜ್ಜುಪಟ್ಟಿಗಳ ಗೆರೆಗಳು ಸವೆದು ನದಿಯ ಕಲ್ಲಿನಂತೆ ನುಣುಪಾಗಿದ್ದವು. ಕಾನ್‌ಕೇವಿನ ಸರಳುಗಳ ಮುಂದಿನ ಅಂಚು ನಡುಭಾಗದಲ್ಲಿ ದುಂಡಗಾಗಿತ್ತು. ಇಂಥ ಯಂತ್ರದಲ್ಲಿ ತೆನೆ ಬಿಡಿಸಬೇಕಾದರೆ ಡ್ರಮ್ಮನ್ನು ಅತಿವೇಗದಲ್ಲಿ ಓಡಿಸಬೇಕು. ಓಡಿಸಿದರೆ ಕಾಳು ಒಡೆಯುತ್ತದೆ. ಧಾನ್ಯದ ತೊಟ್ಟಿಯ ಕೆಳಗೆ, ಹೊಸ ಬಣ್ಣದಡಿಯಲ್ಲಿ, ಚೌಕಟ್ಟಿನ ವೆಲ್ಡಿಂಗು ಎರಡು ಕಡೆ ಉಬ್ಬಿತ್ತು. ತೊಟ್ಟಿ ತುಂಬಿಕೊಂಡು ಬದು ಹಾರಿದ ಗುರುತು.

ಎರಡನೆಯದು ನೋಡಲು ಕಳಾಹೀನ. ಅದರ ತಾಸು ಎಣಿಸುವ ಮೀಟರು ನಿಂತು ಎಷ್ಟು ಕಾಲವಾಗಿತ್ತೋ. ಆದರೆ ಎಲಿವೇಟರಿನ ಕೆಳಬಾಗಿಲು ತೆರೆದಾಗ ಒಳತಗಡು ದಪ್ಪಗಿತ್ತು. ಬೆರಳಿನಿಂದ ತಟ್ಟಿದರೆ ಗಟ್ಟಿ ಸದ್ದು ಬಂತು. ಅಲಗನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಾಗ ಪ್ರತಿ ಹಲ್ಲೂ ಓಟದ ಕೊನೆಗೆ ಗಾರ್ಡಿನ ನಟ್ಟನಡುವೆ ಬಂದು ನಿಂತಿತು. ವಾಕರುಗಳನ್ನು ಎತ್ತಿ ಅಲ್ಲಾಡಿಸಿದರೆ ಸಡಿಲವಿತ್ತು. ಹಳೆಯ ಅನೇಕ ಯಂತ್ರಗಳಲ್ಲಿರುವಂತೆ ಮರದ ಗುಬಟುಗಳು ಸವೆದಿದ್ದವು, ಅದು ಅಗ್ಗದ ದುರಸ್ತಿ. ಸ್ಟಿಯರಿಂಗ್ ಇರುವುದು ಹಿಂದಿನ ಗಾಲಿಗಳಿಗೆ. ಅಲ್ಲಿಯ ಪಿನ್ನುಗಳಲ್ಲಿ ಕೊಂಚ ಅಲುಗಾಟವಿತ್ತು, ಅದಕ್ಕೆ ಬೆಲೆ ಇಳಿಸಲಾಯಿತು. ಜರಡಿ ಕಿಂಡಿಗಳ ಎಲೆಗಳು ನೆಟ್ಟಗಿದ್ದು ಹಿಡಿಕೆಗೆ ಒಂದೇ ಸಮ ತೆರೆದುಕೊಂಡವು. ಎಂಜಿನ್ ಮೂರನೆಯ ಸಲಕ್ಕೆ ಎದ್ದಿತು, ಬಿಳಿಹೊಗೆ ಉಗುಳಿತು, ಐದು ನಿಮಿಷದಲ್ಲಿ ಹೊಗೆ ತಿಳಿಯಾಯಿತು. ಎರಡರ ಬೆಲೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. ತಮ್ಮನಿಗೆ ಬಣ್ಣದ ಯಂತ್ರದಿಂದ ಕಣ್ಣು ಕೀಳಲು ಅಂದಿನ ಸಂಜೆಯವರೆಗೂ ಆಗಲಿಲ್ಲ.

ಕಬ್ಬಿಣ ನೋಡಿದ ಮೇಲೆ ಕಾಗದ ನೋಡಬೇಕು. ಗಡಿಯಾಚೆಯಿಂದ ತಂದ ಯಂತ್ರಗಳ ವ್ಯಾಜ್ಯಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯ ಅಸಡ್ಡೆಯಿಂದಲೇ. ಚಾಸಿ ಸಂಖ್ಯೆಯನ್ನು ಪೆನ್ಸಿಲಿನಿಂದ ಕಾಗದಕ್ಕೆ ಉಜ್ಜಿ ತೆಗೆದು, ನೋಂದಣಿ ಪತ್ರದೊಡನೆ ಅಂಕಿ ಅಂಕಿಯಾಗಿ ಹೋಲಿಸಬೇಕು. ಪತ್ರದಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ ಫಾರ್ಮ್ 35ರಲ್ಲಿ ಅದು ತೀರಿದ ದಾಖಲೆ ಬೇಕು. ರಾಜ್ಯದಿಂದ ಹೊರಗೆ ಒಯ್ಯಲು ಮೋಟಾರು ವಾಹನ ಕಾಯ್ದೆಯ 48ನೆಯ ಕಲಮಿನಂತೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ. ಮಾಲೀಕತ್ವದ ವರ್ಗಾವಣೆಗೆ ಫಾರ್ಮ್ 29 ಮತ್ತು 30. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಹೊಸ ರಾಜ್ಯದಲ್ಲಿ ಇಡುವುದಾದರೆ 47ನೆಯ ಕಲಮಿನಂತೆ ಅಲ್ಲಿಯ ಹೊಸ ಸಂಖ್ಯೆ. ಬಯಲಿನ ದಲ್ಲಾಳಿಯು ಛಾಪಾ ಕಾಗದದ ಮೇಲೆ ನೋಟರಿಯ ಮುದ್ರೆ ಒತ್ತಿಸಿಕೊಟ್ಟು, ಇಷ್ಟು ಸಾಕೆಂದು ಬೆನ್ನು ತಟ್ಟುತ್ತಾನೆ. ಅದು ಸಾಲದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಕಾಯ್ದೆಯ ಕಣ್ಣಿಗೆ ಮಾಲೀಕ. ಅಪಘಾತದ ಪರಿಹಾರದ ಹೊಣೆಯೂ ಅವನದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಈ ತೀರ್ಪು ಕೊಟ್ಟವನನ್ನು ಎಚ್ಚರಿಸುವಂಥದು, ಆದ್ದರಿಂದ ಕೊಳ್ಳುವವನಿಗೂ ಉಪಯುಕ್ತ: ಅದನ್ನು ಹೇಳಿದರೆ ಮಾರುವವನು ತಾನಾಗಿಯೇ ಕಚೇರಿಗೆ ಬರುತ್ತಾನೆ. ಸಹೋದರರು ಒಪ್ಪಿದ ಬೆಲೆಯ ಒಂದು ಭಾಗವನ್ನು ನಿರಾಕ್ಷೇಪಣಾ ಪತ್ರ ಕೈಸೇರುವವರೆಗೆ ತಡೆಹಿಡಿದರು. ಅದಕ್ಕಾಗಿ ನಾಭಾದಲ್ಲಿ ಇನ್ನೂ ಹನ್ನೊಂದು ದಿನ ಉಳಿಯಬೇಕಾಯಿತು. ಊಟಕ್ಕೆ ಗುರುದ್ವಾರದ ಲಂಗರ್ ಇತ್ತು. ಜೋಳದ ರೊಟ್ಟಿಯ ನೆನಪಾದಾಗ ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪು.

ಆ ಹನ್ನೊಂದು ದಿನಗಳು ವ್ಯರ್ಥವಾಗಲಿಲ್ಲ. ಮಿಸ್ತ್ರಿಯು ಖಾಲಿ ಯಂತ್ರದ ಮೇಲೆಯೇ ತಮ್ಮನಿಗೆ ಪಾಠ ಹೇಳಿದ. ಅಣ್ಣನು ಎರಡು ಗೆರೆಯ ನೋಟುಪುಸ್ತಕದಲ್ಲಿ ಅದನ್ನು ಕನ್ನಡದಲ್ಲಿ ಬರೆದುಕೊಂಡರು. ಡ್ರಮ್ಮಿನ ವ್ಯಾಸ 60 ಸೆಂಟಿಮೀಟರು. ಒಂದು ಸುತ್ತಿಗೆ ಅದರ ಅಂಚು 1.9 ಮೀಟರಿನಷ್ಟು ಚಲಿಸುತ್ತದೆ. ನಿಮಿಷಕ್ಕೆ 900 ಸುತ್ತು ಹಾಕಿದರೆ ಸೆಕೆಂಡಿಗೆ 28 ಮೀಟರು, ಅಂದರೆ ತಾಸಿಗೆ ನೂರು ಕಿಲೋಮೀಟರು. ಒಣಗಿದ ಗೋಧಿಗೆ ಇದು ಹದ. ಅದೇ ವೇಗದಲ್ಲಿ ಕಡಲೆ ಹಾಕಿದರೆ ಬೇಳೆಯಾಗಿ ಬೀಳುತ್ತದೆ. ಅದಕ್ಕೆ 400ರಿಂದ 500 ಸುತ್ತು ಸಾಕು, ಕಾನ್‌ಕೇವಿನ ಸಂದೂ ಗೋಧಿಯದಕ್ಕಿಂತ ದುಪ್ಪಟ್ಟು ಅಗಲ ಬೇಕು. ಗೋಧಿಗೆ ಸಂದು ಮುಂದೆ 12 ಮಿಲಿಮೀಟರು, ಹಿಂದೆ 5ರ ಸುಮಾರು. ಮುಂದೆ ಅಗಲ, ಹಿಂದೆ ಕಿರಿದು. ರೀಲಿನ ವೇಗ ಯಂತ್ರದ ನಡಿಗೆಗಿಂತ ಕಾಲುಪಾಲು ಹೆಚ್ಚಿರಬೇಕು. ಅದಕ್ಕಿಂತ ಹೆಚ್ಚಾದರೆ ಹೊಡೆದೇ ಕಾಳು ಉದುರಿಸುತ್ತದೆ, ಕಡಿಮೆಯಾದರೆ ಪೈರು ಮುಂದಕ್ಕೆ ಬಾಗಿ ತೆನೆ ನೆಲಕ್ಕೆ ಬೀಳುತ್ತದೆ.

ಅಂಕಿಗಳು ಆರಂಭಕ್ಕಷ್ಟೆ. ಉಳಿದದ್ದನ್ನು ಹೊಲವೇ ಹೇಳುತ್ತದೆ, ಕೇಳಲು ಕೆಳಗಿಳಿಯಬೇಕು. ತೊಟ್ಟಿಯಲ್ಲಿ ಒಡೆದ ಕಾಳು ಕಂಡರೆ ಡ್ರಮ್ಮಿನ ವೇಗ ಇಳಿಸು. ಹಿಂದೆ ಬಿದ್ದ ತೆನೆಯಲ್ಲಿ ಕಾಳು ಉಳಿದಿದ್ದರೆ ಮೊದಲು ಸಂದು ಕಿರಿದಾಗಿಸು, ಆಮೇಲೆ ಬೇಕಾದರೆ ವೇಗ ಏರಿಸು. ತೊಟ್ಟಿಯಲ್ಲಿ ಹೊಟ್ಟು ತುಂಬಿದರೆ ಗಾಳಿ ಸಾಲದು, ಇಲ್ಲವೆ ಜರಡಿ ಬಾಯಿ ಬಿಟ್ಟಿದೆ. ಜರಡಿಯ ಹಿಂದೆ ಒಳ್ಳೆಯ ಕಾಳು ಹಾರುತ್ತಿದ್ದರೆ ಗಾಳಿ ಅತಿ. ಹುಲ್ಲಿನೊಳಗೆ ಶುದ್ಧ ಕಾಳು ಸಿಕ್ಕಿಕೊಂಡು ಹೋಗುತ್ತಿದ್ದರೆ ಯಾವ ತಿರುಪೂ ಅದನ್ನು ಸರಿಪಡಿಸದು. ಯಂತ್ರಕ್ಕೆ ತಿನ್ನಿಸಿದ್ದು ಹೆಚ್ಚಾಯಿತು, ನಡಿಗೆ ನಿಧಾನ ಮಾಡು. ಒಮ್ಮೆಗೆ ಒಂದೇ ತಿರುಪು. ಎರಡನ್ನು ಒಟ್ಟಿಗೆ ಮುಟ್ಟಿದವನಿಗೆ ಯಾವುದರಿಂದ ಏನಾಯಿತೆಂಬುದು ತಿಳಿಯದು. ಬೆಳಗಿನ ಇಬ್ಬನಿಯಲ್ಲಿ ಹೊಂದಿಸಿದ್ದು ಮಧ್ಯಾಹ್ನದ ಬಿಸಿಲಿಗೆ ಹೊಂದುವುದಿಲ್ಲ. ಹಿಂದಿನ ವರ್ಷದ ಚಾಲಕನಲ್ಲಿ ಇದ್ದ ಕೊರತೆ ಯಂತ್ರದ್ದಲ್ಲ, ಕೆಳಗಿಳಿಯುವ ವ್ಯವಧಾನದ್ದು. ಎಕರೆ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಅದು ಎಲ್ಲಿಂದ ಬಂದೀತು?

ಜೋಳದ ಮಾತು ಬಂದಾಗ ಮಿಸ್ತ್ರಿಯ ಪಾಠ ತೊಡಕಿತು. ಆಳೆತ್ತರಕ್ಕೆ ಬೆಳೆಯುವ ಮಾಲದಂಡಿಯ ದಂಟನ್ನೂ ತೆನೆಯನ್ನೂ ತಮ್ಮನು ಕೈಯಿಂದ ಅಳೆದು ತೋರಿಸಿದ. ಅಲಗನ್ನು ಮೇಲೆತ್ತಿ ತೆನೆ ಮಾತ್ರ ಕೊಯ್ಯಬಹುದು ಎಂದು ಮಿಸ್ತ್ರಿ ಹೇಳಿದ. ದಂಟು? ಅದು ಗಾಲಿಯಡಿ ಹೋಗುತ್ತದೆ, ಹೋದರೇನು? ಹೋದರೇನು ಎಂಬ ಆ ಪ್ರಶ್ನೆಗೆ ಅಣ್ಣತಮ್ಮಂದಿರು ಮುಖಮುಖ ನೋಡಿಕೊಂಡರು. ಪಂಜಾಬಿನವರೂ ಗೋಧಿಯ ಹುಲ್ಲನ್ನು ಬಿಡುವವರಲ್ಲ; ಕಂಬೈನ್ ಹೋದ ಮೇಲೆ ಸ್ಟ್ರಾ ರೀಪರ್ ಎಂಬ ಇನ್ನೊಂದು ಯಂತ್ರ ಎಳೆದು ಕೂಳೆಯನ್ನು ತೂಡಿ ಎಂಬ ಹೊಟ್ಟಾಗಿ ತುಂಬಿಕೊಳ್ಳುತ್ತಾರೆ. ಆದರೆ ಕಣಿಕೆ ಹೊಟ್ಟಲ್ಲ. ಅಕ್ಕಲಕೋಟೆ, ಮಂಗಳವೇಢೆ, ಜತ್ತದ ಸೀಮೆಗಳಲ್ಲಿ ಹಿಂಗಾರಿ ಜೋಳವನ್ನು ಬಿತ್ತುವುದು ಮನುಷ್ಯರಿಗೂ ದನಗಳಿಗೂ ಸಮವಾಗಿ. ಬರದ ವರ್ಷದಲ್ಲಿ ಕಾಳಿಗಿಂತ ಕಣಿಕೆಯೇ ಮನೆಯನ್ನು ಕಾಯುತ್ತದೆ. ಬೇರುಸಹಿತ ಕಿತ್ತು, ಮಲಗಿಸಿ, ತೆನೆ ಮುರಿದು, ಸಿವುಡು ಕಟ್ಟಿ, ಬಣವೆ ಒಟ್ಟುವ ಕೆಲಸದಲ್ಲಿ ದಂಟು ಮುರಿಯದೆ ಎಲೆ ಉದುರದೆ ಉಳಿಯಬೇಕು. ಮಿಸ್ತ್ರಿಯು ಎಲ್ಲವನ್ನೂ ಕೇಳಿ, ಇದಕ್ಕೆ ತನ್ನ ಬಳಿ ತಿರುಪಿಲ್ಲ ಎಂದ.

ಯಂತ್ರವು ಹೆಡರನ್ನು ಟ್ರಾಲಿಯ ಮೇಲೆ ಹಿಂದೆ ಎಳೆದುಕೊಂಡು ಸುಮಾರು 1,700 ಕಿಲೋಮೀಟರು ನಡೆದು ಬಂತು. ದಾರಿಯಲ್ಲಿ ಎರಡು ಬೆಲ್ಟು, ಒಂದು ಟೈರು. ಕಡಲೆಯ ಹೊಲದಲ್ಲಿ ಅದು ಸೋತಿತು. ನೆಲಕ್ಕಂಟಿದ ಹಳೆಯ ತಳಿಯ ಕಾಯಿಗಳನ್ನು ಮುಟ್ಟಲು ಅಲಗು ಇಳಿಸಿದರೆ ಹೆಂಟೆ ಒಳಗೆ ಬಂತು. ನಂದ್ಯಾಲದ ಎನ್‌ಬಿಇಜಿ 47, ರಾಹುರಿಯ ಫುಲೆ ವಿಕ್ರಮ್‌ನಂಥ ಎತ್ತರದಲ್ಲಿ ಕಾಯಿ ಬಿಡುವ ತಳಿಗಳು ಇದೇ ಕಾರಣಕ್ಕೆ ಬಂದವು. ಮುಂದಿನ ಬಿತ್ತನೆಗೆ ಬೀಜ ಹುಡುಕಬೇಕೆಂದು ನಿರ್ಧಾರವಾಯಿತು. ಗೋಧಿಯ ಹೊಲಕ್ಕೆ ಇಳಿದದ್ದು ಮಾರ್ಚಿಯ ಮೊದಲ ವಾರ, ಇಬ್ಬನಿ ಆರಿದ ಮೇಲೆ.

ಊರ ಮಕ್ಕಳೆಲ್ಲ ಬದುವಿನ ಮೇಲೆ ನೆರೆದಿದ್ದರು. ಮುಖ್ಯಗುರುಗಳು ಹಗ್ಗ ಕಟ್ಟಿಸಿ, ಅದರಾಚೆ ಯಾರೂ ಬರಕೂಡದೆಂದು ಶಾಲೆಯ ದನಿಯಲ್ಲೇ ಹೇಳಿದರು. ತಿರುಗುವ ಆಗರಿಗೆ ಧೋತರದ ಅಂಚೂ ಸಾಕು. ಐವತ್ತು ಹೆಜ್ಜೆ ಕೊಯ್ದು ಯಂತ್ರ ನಿಂತಿತು. ತಮ್ಮನು ಕೀಲಿ ಕಿಸೆಗೆ ಹಾಕಿಕೊಂಡು ಇಳಿದ. ಅಣ್ಣನು ಕಡ್ಡಿಯ ಚೌಕಟ್ಟನ್ನು ಇಟ್ಟು ಮಂಡಿಯೂರಿದರು. ಅವರ ಲೆಕ್ಕ ಸರಳ: ಗೋಧಿಯ ಸಾವಿರ ಕಾಳು ಸುಮಾರು 40 ಗ್ರಾಂ. ಎಕರೆಗೆ 43,560 ಚದರಡಿ. ಅಡಿಗೆ 23 ಕಾಳು ಬಿದ್ದರೆ ಎಕರೆಗೆ ಹತ್ತು ಲಕ್ಷ ಕಾಳು, 40 ಕಿಲೋ. ಹುಲ್ಲು ಬೀಳುವ ಪಟ್ಟೆಯಲ್ಲಿ ಎಣಿಸಿದ್ದನ್ನು ಮೂರರಿಂದ ಭಾಗಿಸಬೇಕು, ಏಕೆಂದರೆ ಹದಿನಾಲ್ಕು ಅಡಿಯ ಬೆಳೆ ಅಲ್ಲಿ ಐದಡಿಯೊಳಗೆ ಬಿದ್ದಿರುತ್ತದೆ. ಮೊದಲ ಎಣಿಕೆಯಲ್ಲಿ ಪಟ್ಟೆಯೊಳಗೆ 61. ಭಾಗಿಸಿದರೆ 20, ಎಕರೆಗೆ 35 ಕಿಲೋದಷ್ಟು. ಗಾಳಿ ಒಂದು ಗುಣಿ ಇಳಿಯಿತು: 38. ನಡಿಗೆ ನಿಧಾನವಾಯಿತು: 17. ಸಂದು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಮಧ್ಯಾಹ್ನ ಬಿಸಿಲೇರಿದಾಗ ಒಡೆದ ಕಾಳು ಕಾಣಿಸಿಕೊಂಡಿತು. ಡ್ರಮ್ಮು ಐವತ್ತು ಸುತ್ತು ಇಳಿಯಿತು. ತಾಸಿಗೆ ಎರಡು ಎಕರೆ. ಹಿಂದಿನ ವರ್ಷದ ವೇಗಕ್ಕಿಂತ ಒಂದು ಎಕರೆ ಕಡಿಮೆ.

ಸಂಜೆಯ ಹೊತ್ತಿಗೆ ಪ್ರತಿ ವರ್ಷದಂತೆ ಹಕ್ಕಲು ಆಯುವ ಹೆಂಗಸರು ಬಂದರು, ಮೂವರು, ಒಬ್ಬಾಕೆಯ ಕಂಕುಳಲ್ಲಿ ಖಾಲಿ ಬುಟ್ಟಿ. ಕೊಯ್ದ ಹೊಲದಲ್ಲಿ ಬಿದ್ದ ತೆನೆ ಆಯ್ದವರದು ಎಂಬುದು ಯಾವ ಕಾಯ್ದೆಯ ಪುಸ್ತಕದಲ್ಲೂ ಇಲ್ಲ, ಎಲ್ಲ ಊರುಗಳಲ್ಲೂ ಇತ್ತು. ಹಿಂದಿನ ವರ್ಷ ಅವಸರದ ಯಂತ್ರದ ಹಿಂದೆ ಅವರ ಬುಟ್ಟಿಗಳು ಎರಡೆರಡು ಸಲ ತುಂಬಿದ್ದವು. ಈ ಸಲ ಹೊಲದ ಉದ್ದಗಲಕ್ಕೂ ಬಗ್ಗಿ ನಡೆದರೂ ಬುಟ್ಟಿಯ ತಳ ಮುಚ್ಚಲಿಲ್ಲ. ಮುಖ್ಯಗುರುಗಳು ತಮ್ಮ ಎಣಿಕೆಯ ಪುಸ್ತಕವನ್ನು ಮಡಚಿ ಕಿಸೆಗೆ ಸೇರಿಸಿದರು.

ಹದಿನಾಲ್ಕು ಅಡಿಯ ಯಂತ್ರ ಮೂಲೆಗಳಲ್ಲಿ ತಿರುಗಲಾರದು. ಹೊಲದ ನಾಲ್ಕು ಮೂಲೆ, ಬಾವಿಯ ಸುತ್ತು, ವಿದ್ಯುತ್ ಕಂಬದ ಬುಡ, ಇಷ್ಟರಲ್ಲಿ ಪೈರು ನಿಂತೇ ಇತ್ತು. ಅದನ್ನು ಕುಡುಗೋಲಿನಿಂದ ಕೊಯ್ದುಕೊಂಡು ಹೋಗುವಂತೆ ಅಣ್ಣನು ಹೇಳಿದರು. ತಮ್ಮನು ಒಪ್ಪಿದ, ಆದರೆ ಈ ವರ್ಷಕ್ಕೆ ಎಂಬ ಮಾತನ್ನು ಸೇರಿಸಿದ. ಅವರಲ್ಲಿ ಹಿರಿಯಾಕೆ ಬದುವಿನಾಚೆಯ ಜೋಳದತ್ತ ನೋಡಿದಳು. ಅದನ್ನು ಕೀಳುವ, ಸಿವುಡು ಕಟ್ಟುವ ಕೆಲಸದಲ್ಲಿ ಅವಳಿಗೆ ವರ್ಷದ ಕಾಳು ಸಿಗುತ್ತದೆ. ಯಂತ್ರ ಅದಕ್ಕೂ ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದು ತಮ್ಮನು ಹೇಳಿದ. ಈ ವರ್ಷಕ್ಕೆ ಇಲ್ಲವೋ, ಎಂದೂ ಇಲ್ಲವೋ ಎಂದು ಆಕೆ ಮತ್ತೆ ಕೇಳಿದಳು. ತಮ್ಮನು ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಳ್ಳುತ್ತ, ಜರಡಿಯೊಳಗೆ ಸಿಕ್ಕಿದ್ದ ಹುಲ್ಲನ್ನು ಬಿಡಿಸಲು ಯಂತ್ರದ ಹಿಂದಕ್ಕೆ ಹೋದ.